ಲೈನ್ ಬಂದದ

ನನ್ನ ಕೆಲಸ ಒಂದೇ ಪ್ರಶ್ನೆ ಕೇಳುವುದಾಗಿತ್ತು: ಮನೆ ಮುಂದಿನ ಕಂಬದವರೆಗೆ ಇಂಟರ್ನೆಟ್ ಕೇಬಲ್ ಬಂದಿದ್ದರೂ ನೀವು ಸಂಪರ್ಕ ಯಾಕೆ ತೆಗೆದುಕೊಂಡಿಲ್ಲ? ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಹಳ್ಳಿಗಳಿಗೆ ಕೇಬಲ್ ಎಳೆಯುವ ಗುತ್ತಿಗೆ ಹಿಡಿದಿದ್ದ ಒಂದು ಕಂಪನಿ ನನ್ನನ್ನು ಇದಕ್ಕಾಗಿಯೇ ಇಟ್ಟುಕೊಂಡಿತ್ತು. ಉತ್ತರಗಳನ್ನು ಫೋನಿನ ಆ್ಯಪ್‌ನಲ್ಲಿ ತುಂಬಬೇಕು. ಆಯ್ಕೆಗಳನ್ನು ಅವರೇ ಮೊದಲು ಬರೆದಿಟ್ಟಿದ್ದರು. ಆಸಕ್ತಿ ಇಲ್ಲ, ಅರಿವಿಲ್ಲ, ಸಾಧನ ಇಲ್ಲ, ದುಬಾರಿ. ಇವುಗಳಲ್ಲಿ ಒಂದನ್ನು ಒತ್ತದೆ ಪರದೆ ಮುಂದೆ ಸರಿಯುತ್ತಿರಲಿಲ್ಲ. ಏನೂ ಹೊಂದದಿದ್ದರೆ ‘ಆಸಕ್ತಿ ಇಲ್ಲ’ ಒತ್ತಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಹುಮನಾಬಾದ ಬಳಿಯ ಹುಡಗಿ ಎಂಬ ಊರಿನ ಕಡೆಯ ಒಂದು ಹಳ್ಳಿಯಲ್ಲಿ ಚಹಾದಂಗಡಿಯವರು ನನ್ನ ಪ್ರಶ್ನೆ ಕೇಳಿ ಕೆಟಲಿ ಕೆಳಗಿಟ್ಟರು. “ಬಾಯಿ, ನಿಮ್ಮ ಇಂಟರ್ನೆಟ್ ಡಬ್ಬಿ ಲೈನ್ ಇದ್ರ ನಡೀತದ. ನಮ್ಮಲ್ಲಿ ಮುಂಜಾನಿ ಹೋದ ಲೈನ್ ಸಂಜಿಗಿ ಬರ್ತದ. ಅಲ್ಲೀತನ ಡಬ್ಬಿ ಒಲಿ ಮ್ಯಾಲ ಇಡಬೇಕೇನು?” ಸುತ್ತ ಕೂತವರೆಲ್ಲ ನಕ್ಕರು. ನಮ್ಮ ಕಡೆ ಬಾಯಿ ಎಂದರೆ ಅಕ್ಕ, ಲೈನ್ ಎಂದರೆ ಕರೆಂಟು. ನಾನೂ ನಕ್ಕೆ. ಆದರೆ ಆ ಉತ್ತರಕ್ಕೆ ಆ್ಯಪ್‌ನಲ್ಲಿ ಜಾಗವಿರಲಿಲ್ಲ. ‘ಆಸಕ್ತಿ ಇಲ್ಲ’ ಒತ್ತಿದೆ.

ಇನ್ನೊಂದು ಊರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎತ್ತರಕ್ಕೆ ಹೇರಿಕೊಂಡು ಹೋದಾಗಲೆಲ್ಲ ಕೇಬಲ್ ಹರಿಯುತ್ತಿತ್ತು. ಹರಿದದ್ದನ್ನು ಜೋಡಿಸಲು ಯಾರೂ ಬರುತ್ತಿರಲಿಲ್ಲ. ಮತ್ತೊಂದು ಕಡೆ ಸಿಗ್ನಲ್ಲಿನ ಪೆಟ್ಟಿಗೆ ಬೀಗ ಹಾಕಿದ ಕೋಣೆಯಲ್ಲಿತ್ತು, ಕೀಲಿ ಇಟ್ಟುಕೊಂಡವರು ಪಟ್ಟಣದಲ್ಲಿದ್ದರು. ಒಬ್ಬ ಹೆಣ್ಣುಮಗಳು ತನ್ನ ಹೆಸರಲ್ಲೇ ಸಂಪರ್ಕ ಬೇಕೆಂದಳು. ಮನೆ ಗಂಡನ ಹೆಸರಲ್ಲಿತ್ತು, ಗಂಡ ದುಡಿಯಲು ಪುಣೆಗೆ ಹೋಗಿದ್ದ, ಅರ್ಜಿ ಮುಂದೆ ಹೋಗಲಿಲ್ಲ. ಇವರೆಲ್ಲರೂ ನನ್ನ ಫೋನಿನಲ್ಲಿ ಆಸಕ್ತಿ ಇಲ್ಲದವರಾದರು. ಹುಮನಾಬಾದ ಕಚೇರಿಯಲ್ಲಿ ಒಮ್ಮೆ ದೊಡ್ಡ ಪರದೆಯ ಮೇಲೆ ಅದೇ ಉತ್ತರಗಳನ್ನು ಬಣ್ಣದ ವೃತ್ತವಾಗಿ ತೋರಿಸಿ, ನಮ್ಮಂಥ ದೊಡ್ಡ ದೇಶದಲ್ಲಿ ಸೌಕರ್ಯ ಬಾಗಿಲಿಗೆ ಬಂದಿದೆ, ಬದಲಾಗಬೇಕಾದದ್ದು ಜನರ ಮನಸ್ಸು ಎಂದು ವಿವರಿಸಿದರು. ವೃತ್ತದ ಬಹುಪಾಲು ತುಂಬಿದ್ದು ನಾನು ಒತ್ತಿ ಕಳಿಸಿದ ಆಸಕ್ತಿ ಇಲ್ಲದವರು.

ಆಮೇಲೆ ಮೋರಖಂಡಿಯಿಂದ ಆಚೆಗಿನ ಒಂದು ಸಣ್ಣ ಊರಿಗೆ ನನ್ನನ್ನು ಹಾಕಿದರು. ಅಲ್ಲಿ ಕೇಬಲ್ ಎಳೆಯುವ ಕೆಲಸ ಇನ್ನೂ ನಡೆದಿತ್ತು. ಕಂಬ ಏರುತ್ತಿದ್ದವರು ಬಸವಕಲ್ಯಾಣದ ಒಬ್ಬ ಉಸ್ತಾದ್. ಮೊದಲು ಟಿವಿ ಕೇಬಲ್ ಕೆಲಸ ಮಾಡಿದವರು, ಈಗ ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಗಳನ್ನು ಜೋಡಿಸುವುದರಲ್ಲಿ ಪಳಗಿದವರು. ಕೆಳಗೆ ಹಗ್ಗ ಹಿಡಿದು ನಿಲ್ಲುತ್ತಿದ್ದವನು ಅವರ ಹೆಂಡತಿಯ ತಮ್ಮ. ಉಸ್ತಾದ್ ಅವನನ್ನು ‘ಸಾಲೇಸಾಬ್’ ಎಂದು ಕರೆದು ಕಾಡುತ್ತಿದ್ದರು, ಅವನು ‘ದೂಲೇಭಾಯಿ’ ಎಂದು ತಿರುಗಿ ಬಯ್ಯುತ್ತಿದ್ದ. ಭಾವ ಮತ್ತು ಭಾವಮೈದುನನ ಈ ಜಗಳ ಕೇಳಲು ಊರಿನ ಮುದುಕರು ಕಟ್ಟೆ ಬಿಟ್ಟು ಬರುತ್ತಿದ್ದರು.

ಆ ಊರಲ್ಲಿ ಸಂಪರ್ಕಕ್ಕಾಗಿ ಎಲ್ಲರಿಗಿಂತ ಮೊದಲು ಕಾದಿದ್ದವಳು ತಗಡಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಅಕ್ಕ. ಗಿರಾಕಿಗಳು ಉಮರ್ಗಾದಿಂದಲೂ ಹುಲಸೂರಿನಿಂದಲೂ ಕುಪ್ಪಸದ ಚಿತ್ರ ಫೋನಿಗೆ ಕಳಿಸುತ್ತಿದ್ದರು. ಚಿತ್ರ ತೆರೆಯಬೇಕಾದರೆ ಆಕೆ ಪಕ್ಕದ ಮನೆ ಮಾಳಿಗೆ ಹತ್ತಬೇಕಿತ್ತು. ಆಕೆ ನನ್ನನ್ನು ಕೂರಿಸಿ ಕೇಳಿದ ಮೊದಲ ಮಾತು ಇದು: “ತಂಗಿ, ಈ ಕೇಬಲ್ ಬಗ್ಗಿಸಿ ನೋಡೀನಿ, ಒಳಗ ಕಬ್ಬಿಣದ ತಂತಿ ಅದ. ಕಂಬದಿಂದ ನನ್ನ ತಗಡಿನ ಮ್ಯಾಲ ಬರ್ತದ. ಮ್ಯಾಲಿನ ಲೈನಿಗಿ ಹತ್ತಿದ್ರ ನಾ ಮಶೀನ್ ಮುಂದ ಕುಂತಲ್ಲೇ ಹೋಗ್ತೀನಿ. ಹೌದಲ್ಲ?”

ನಾನು ಉಸ್ತಾದ್ ಅವರನ್ನು ಕೇಳಿದೆ. ಅವರು ಒಂದು ತುಂಡು ಕತ್ತರಿಸಿ ತೋರಿಸಿದರು. ಗಾಜಿನ ಎಳೆಗಳ ಕೊಳವೆಗೆ ಅಂಟಿಕೊಂಡೇ ಇನ್ನೊಂದು ಕಪ್ಪು ಕೊಳವೆ. ಅದರೊಳಗೆ ಉಕ್ಕಿನ ತಂತಿ, ಜಗ್ಗಿ ಬಿಗಿಯಲು. “ಮೊದಲ್ ಬರೋ ಮಾಲಿನಾಗ ಇದು ಇರ್ತಿರ್ಲಿಲ್ರಿ ಮೇಡಂ. ಅದು ಪೂರಾ ಪ್ಲಾಸ್ಟಿಕ್. ಇದು ಸಸ್ತಾ ಮಾಲು.” ಗುತ್ತಿಗೆಯ ಕಾಗದ ನಮ್ಮೆಲ್ಲರ ಬಳಿಯೂ ಇತ್ತು. ವಿದ್ಯುತ್ ಕಂಬದ ಮೇಲೆ ಎಳೆಯುವ ಕೇಬಲ್‌ನಲ್ಲಿ ಲೋಹ ಇರಕೂಡದು ಎಂದು ಅದರಲ್ಲೇ ಬರೆದಿತ್ತು. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಉಕ್ಕಿನಲ್ಲಿ ಹರಿಯುತ್ತದೆ. ಇಷ್ಟೇ ವಿಷಯ.

ಹುಮನಾಬಾದ ಕಚೇರಿಯ ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ದಕ್ಷಿಣದ ಕಡೆಯವರು, ಮಾತು ಮೃದು. “ಆಯಮ್ಮಂಗೆ ಏನ್ ಗೊತ್ತಾಗುತ್ತೆ ಮೇಡಂ? ‘ಅರಿವಿಲ್ಲ’ ಅಂತ ಹಾಕಿ, ಮುಂದಿನ ಮನೆಗೆ ಹೋಗಿ.” ಕೇಬಲ್ ಕತ್ತರಿಸಿ ನೋಡದೆಯೇ ಅದರೊಳಗಿನ ಅಪಾಯ ಹೇಳಿದ ಹೆಣ್ಣುಮಗಳ ಹೆಸರಿನ ಮುಂದೆ ನಾನು ಅಂದು ಏನನ್ನೂ ಒತ್ತಲಿಲ್ಲ. ಪರದೆ ಅಲ್ಲೇ ನಿಂತಿತು.

ಇನ್ನು ಕೆಲಸದ ಕ್ರಮ. ಕರೆಂಟಿನ ಕಂಬ ಏರುವ ಮೊದಲು ವಿದ್ಯುತ್ ಕಚೇರಿಗೆ ಬರೆದು ಅನುಮತಿ ಪಡೆಯಬೇಕು. ಅವರು ಆ ಭಾಗದ ಸರಬರಾಜು ನಿಲ್ಲಿಸಬೇಕು. ಊರಿನ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರ್ ಬಳಿಯ ಪೆಟ್ಟಿಗೆಯಲ್ಲಿ, ಫ್ಯೂಜುಗಳನ್ನು ಕಿತ್ತು ಇಟ್ಟುಕೊಳ್ಳಬೇಕು. ಏರುವವನ ಕೈಗೆ ರಬ್ಬರ್ ಗ್ಲೌಸ್, ಸೊಂಟಕ್ಕೆ ಬೆಲ್ಟ್ ಇರಬೇಕು. ನಾನು ಇದ್ದಷ್ಟು ಕಾಲ ಈ ಕ್ರಮ ಒಮ್ಮೆಯೂ ನಡೆಯಲಿಲ್ಲ. ಪ್ರತಿ ಮುಂಜಾನೆ ಮ್ಯಾನೇಜರ್ ಫೋನಿನಲ್ಲಿ ನಮ್ಮೆಲ್ಲರಿಗೂ ಹೇಳುತ್ತಿದ್ದದ್ದು ಹೀಗೆ: “ಶಟ್‌ಡೌನ್ ಅಂತ ಬರೆದುಕೊಂಡು ಕೂತರೆ ವರ್ಷ ಆಗುತ್ತೆ. ಹೇಗೂ ನಿಮ್ಮ ಕಡೆ ಕರೆಂಟ್ ಇರಲ್ಲ. ಹೋದಾಗ ಹತ್ತಿಸಿ, ಬರೋದ್ರೊಳಗೆ ಇಳಿಸಿ.” ಗ್ಲೌಸ್ ಕೇಳಿದರೆ ಬರುತ್ತಿವೆ ಎನ್ನುತ್ತಿದ್ದರು. ಉಸ್ತಾದ್ ಸೊಂಟಕ್ಕೆ ನೈಲಾನ್ ಹಗ್ಗ ಸುತ್ತಿ ಕಂಬಕ್ಕೆ ಬಿಗಿದುಕೊಂಡು ದುಡಿಯುತ್ತಿದ್ದರು.

ಲೈನ್ ಹೋಗಿದೆಯೋ ಬಂದಿದೆಯೋ ತಿಳಿಯಲು ಊರಿನ ಲೈನ್‌ಮ್ಯಾನ್‌ಗೆ ಫೋನ್ ಮಾಡುವುದು. ಅವರು ಸಬ್‌ಸ್ಟೇಷನ್‌ಗೆ ಕೇಳಿ ಹೇಳುವುದು. ನಮ್ಮ ಸುರಕ್ಷತೆ ಎಂದರೆ ಅಷ್ಟೇ. ಅನುಮತಿ ಕೇಳದ ಕೆಲಸಕ್ಕೆ ಅವರು ಉತ್ತರ ಕೊಡಬೇಕಾದ ಜರೂರತ್ತೂ ಇರಲಿಲ್ಲ, ಪರಿಚಯದ ಮೇಲೆ ಹೇಳುತ್ತಿದ್ದರು.

ಒಂದು ದಿನ ಮಧ್ಯಾಹ್ನ ಲೈನ್ ಹೋಗಿತ್ತು. ಉಸ್ತಾದ್ ಓಣಿಯ ಕಂಬಗಳನ್ನು ಮುಗಿಸಿ ಊರ ಹೊರಗಿನ ತಿರುವಿನ ಕಂಬಕ್ಕೆ ಬಂದರು. ಆ ಕಂಬ ಸ್ವಲ್ಪ ವಾಲಿತ್ತು, ಮೇಲಿನ ತಂತಿಗಳು ಜೋತಿದ್ದವು. ಕೇಬಲ್ ಕಟ್ಟುವ ಜಾಗಕ್ಕೂ ಕರೆಂಟಿನ ತಂತಿಗೂ ನಡುವೆ ಇರಬೇಕಾದಷ್ಟು ಅಂತರ ಇರಲಿಲ್ಲ. ಉಸ್ತಾದ್ ಕೆಳಗಿನಿಂದ ತುಸು ಹೊತ್ತು ನೋಡಿದರು.

“ಸಾಲೇಸಾಬ್, ಒಮ್ಮಿ ಕೇಳು.”

“ಈಗರೆ ಕೇಳೀನಲ್ಲ ದೂಲೇಭಾಯಿ. ಲೈನ್ ನಿಮ್ಮ ಮಾತಿನಂಗ, ಒಮ್ಮಿ ಹೋದ್ರ ವಾಪಸ್ ಬರಂಗಿಲ್ಲ.”

“ಮೇಲ್ ಏರಾಂವ ನಾನೋ ನೀನೋ? ಕೇಳಂದ್ರ ಕೇಳು.”

ಅವನ ಒಂದು ಕೈಯಲ್ಲಿ ಹಗ್ಗ ಇತ್ತು. ಫೋನನ್ನು ಸ್ಪೀಕರ್‌ಗೆ ಹಾಕಿ ಅಂಗಿಯ ಜೇಬಿನಲ್ಲಿಟ್ಟು ಬಾಗಿ ಮಾತಾಡಿದ. ನಾನು ಒಂದು ಮಾರು ದೂರದಲ್ಲಿದ್ದೆ. ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು. ಇಬ್ಬರ ಮಾತೂ ನನಗೆ ಕೇಳಿಸಿತು.

“ಅಣ್ಣಾ, ಲೈನ್ ಬಂದ್ ಅದ ಏನ್ರಿ?”

“ಹಾಂ ಹಾಂ, ಲೈನ್ ಬಂದದ.”

“ಬಂದ್ ಅದಲ್ರಿ? ಪಕ್ಕಾ?”

“ಪಕ್ಕಾ ಬಂದದಪಾ, ಈಗರೆ ಕೇಳೇನಿ.”

ನಮ್ಮ ಕಡೆಯವರಲ್ಲದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಬೀದರ ಸೀಮೆಯ ಮಾತಿನಲ್ಲಿ ‘ಇದೆ’ ಎನ್ನುವುದು ‘ಅದ’. ‘ಬಂದ್ ಅದ’ ಎಂದರೆ ನಿಂತಿದೆ, ಮುಚ್ಚಿದೆ. ‘ಬಂದದ’ ಎಂದರೆ ಬಂದಿದೆ. ಎದುರಿಗೆ ನಿಂತು ಆಡಿದರೆ ನಡುವಿನ ಒಂದು ಕೂದಲೆಳೆಯ ನಿಲುಗಡೆಯಲ್ಲಿ ಅರ್ಥ ಗೊತ್ತಾಗುತ್ತದೆ. ಕಡಿದು ಬರುವ ಫೋನಿನಲ್ಲಿ ಆ ನಿಲುಗಡೆಯೇ ಮೊದಲು ನುಂಗಿಹೋಗುತ್ತದೆ. ಕೆಳಗಿನವನು ಲೈನ್ ನಿಂತಿದೆಯೇ ಎಂದು ಕೇಳಿದ. ಲೈನ್‌ಮ್ಯಾನ್‌ಗೆ ಲೈನ್ ಬಂದಿದೆಯೇ ಎಂದು ಕೇಳಿಸಿತು. ಲೈನ್ ನಿಜಕ್ಕೂ ಆಗಷ್ಟೇ ಬಂದಿತ್ತು. ಅವರು ನಿಜವನ್ನೇ ಹೇಳಿದರು. ಇಬ್ಬರೂ ಒಂದೇ ಮಾತನ್ನು ಎರಡೆರಡು ಸಲ ಆಡಿ, ಒಬ್ಬರಿಗೊಬ್ಬರು ಒಪ್ಪಿದರು.

“ಬಂದ್ ಅದ ದೂಲೇಭಾಯಿ, ಹತ್ರಿ,” ಎಂದು ಅವನು ಕೂಗಿದ. ಉಸ್ತಾದ್ ಹತ್ತಿದರು.

ಹಗ್ಗ ಬಿಗಿದುಕೊಂಡರು. ಕೊಕ್ಕೆ ಹಾಕಿದರು. ಕೇಬಲ್ಲನ್ನು ಮೇಲೆ ಜಗ್ಗಿಕೊಂಡು ಕೊನೆಯಲ್ಲಿ ಉಕ್ಕಿನ ತಂತಿಯನ್ನು ಸುಲಿದು ಬಿಚ್ಚಿದರು, ಕ್ಲಾಂಪಿಗೆ ಸಿಕ್ಕಿಸಲು. ಅಷ್ಟರಲ್ಲಿ ಊರ ಕಡೆಯಿಂದ ಹಿಟ್ಟಿನ ಗಿರಣಿಯ ಸದ್ದು ಶುರುವಾಯಿತು. ಅದರ ಅರ್ಥ ನನ್ನ ತಲೆಗೆ ಹೋಗುವ ಮೊದಲೇ ಹೊಲಿಗೆಯ ಅಕ್ಕ ಓಣಿಯ ಬಾಯಲ್ಲಿ ಕಾಣಿಸಿದಳು. ಓಡುತ್ತಿದ್ದಳು. “ಇಳೀರಿ! ಲೈನ್ ಬಂತು! ಗಿರಣಿ ಚಾಲೂ ಆಯ್ತು, ಇಳೀರೋ!”

ಬಿಚ್ಚಿದ ಉಕ್ಕಿನ ತುದಿ ಜೋತ ಕರೆಂಟಿನ ತಂತಿಗೆ ತಾಗಿ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸಿದಂಥ ಒಂದು ಸದ್ದು. ಕಿಡಿ ಹಾರಿದ್ದು ನನಗೆ ನೆನಪಿಲ್ಲ. ನೆನಪಿರುವುದು ಉಸ್ತಾದ್ ಅವರ ಕೈ. ಅದು ತಂತಿಯನ್ನು ಹಿಡಿದಿತ್ತು, ಬಿಡುತ್ತಿರಲಿಲ್ಲ. ಬಾಯಿ ತೆರೆದಿತ್ತು, ಸ್ವರ ಬರುತ್ತಿರಲಿಲ್ಲ. ಕಂಬಕ್ಕೆ ಒರಗಿಸಿದ್ದ ಏಣಿ ಅಲ್ಯೂಮಿನಿಯಂದು. ನಾನು ಅದರ ಕಡೆ ನುಗ್ಗಿದೆ. ಯಾಕೆ ನುಗ್ಗಿದೆನೋ ಗೊತ್ತಿಲ್ಲ. ಏರಲು ಬಂದೀತೆ? ಅವರನ್ನು ಎಳೆಯಲು ಆದೀತೆ? ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು, ನಾನು ಅಂಗಾತ ಬಿದ್ದೆ. “ಮುಟ್ಟಬ್ಯಾಡ! ನೀನೂ ಹೋಗ್ತಿ!” ಹೊಲಿಗೆಯ ಅಕ್ಕ ನನ್ನ ಮೇಲೆ ನಿಂತು ಕೂಗುತ್ತಿದ್ದಳು. ನಡುರಾತ್ರಿ ಅಲ್ಲ, ಹಗಲಲ್ಲೇ, ಬಸ್ಸಿನಲ್ಲಿ ಕೂತಿರುವಾಗ, ತರಕಾರಿ ಕೊಳ್ಳುವಾಗ, ಈಗಲೂ ನನ್ನ ಕೈ ಆ ಏಣಿಯ ಕಡೆ ಚಾಚಿಕೊಳ್ಳುತ್ತದೆ. ನೆತ್ತಿಯಲ್ಲಿ ಜಡೆ ಎಳೆದಂತಾಗಿ ಬೆಚ್ಚುತ್ತೇನೆ.

ಭಾವಮೈದುನ ಹಗ್ಗ ಬಿಟ್ಟು ಗಿರಣಿಯ ಕಡೆ ಓಡಿದ್ದ. “ಕಾಕಾ, ಫ್ಯೂಜ್ ತಗೀರಿ, ಫ್ಯೂಜ್!” ಟಿಸಿ ಗಿರಣಿಯ ಬೆನ್ನಿಗೇ ಇತ್ತು. ಗಿರಣಿ ನಡೆಸುವ ಕಾಕಾ ಫ್ಯೂಜುಗಳನ್ನು ಕಿತ್ತರು. ಗಿರಣಿಯ ಸದ್ದು ನಿಂತಿತು. ಉಸ್ತಾದ್ ಅವರ ಕೈ ತಂತಿಯನ್ನು ಬಿಟ್ಟಿತು, ತಲೆ ಕೆಳಗೆ ಜೋಲಿತು, ಸೊಂಟದ ಹಗ್ಗದಲ್ಲಿ ಅವರು ನೇತಾಡಿದರು.

ಆಗ ನಡೆದದ್ದನ್ನು ಹೇಳಲೇಬೇಕು. ಕಾಕಾ ದೂರದಿಂದ ಕೂಗಿದರು: “ಲೈನ್ ಬಂದ್ ಅದ! ಮುಟ್ರಿ!”

ಯಾರೂ ಮುಟ್ಟಲಿಲ್ಲ. ಅಷ್ಟರಲ್ಲಿ ಹೊಲದಿಂದ ಓಡಿಬಂದಿದ್ದ ಗಟ್ಟಿಮುಟ್ಟು ಗಂಡಸರು ಕಂಬದ ಸುತ್ತ ಸೇರಿದ್ದರು. ಎಲ್ಲರ ಕೈಯೂ ಎದೆಗೆ ಅಂಟಿತ್ತು. ಭಾವಮೈದುನನ ಕೂಗು ಹೊಲದವರೆಗೂ ಕೇಳಿತ್ತು, ಈಗಷ್ಟೇ ಅದೇ ಮಾತಿನಿಂದ ಒಬ್ಬ ಮನುಷ್ಯ ಸುಟ್ಟುಕೊಂಡಿದ್ದ. ಆ ಮಾತು ಈ ಸಲ ಯಾವ ಅರ್ಥದಲ್ಲಿ ಬಂದಿದೆ ಎಂದು ಯಾರಿಗೆ ಗೊತ್ತು? ಕಾಕಾ ಹಿಟ್ಟಿನ ಮೈಯಲ್ಲೇ ಓಡಿಬಂದು, ಎರಡೂ ಕೈ ಮೇಲೆತ್ತಿ, ಬಿಳಿಯ ಪಿಂಗಾಣಿ ಫ್ಯೂಜುಗಳನ್ನು ತೋರಿಸಿದರು. “ಇಲ್ಲಿ ನೋಡ್ರಿ, ನನ್ನ ಕೈಯಾಗ ಅವ!” ಆಗ ಆ ಗಂಡಸರು ಏಣಿ ಹತ್ತಿ ಉಸ್ತಾದ್ ಅವರನ್ನು ಇಳಿಸಿಕೊಂಡರು. ಆ ನಡುವೆ ಹೋದ ಹೊತ್ತು ಎಷ್ಟೆಂದು ನಾನು ಅಳೆದಿಲ್ಲ. ಉಸ್ತಾದ್ ಅದನ್ನೆಲ್ಲ ನೇತಾಡುತ್ತಲೇ ಕಳೆದರು.

ಕಾಕಾ ತಮ್ಮ ಟೆಂಪೊದಲ್ಲಿ ಹಿಟ್ಟಿನ ಚೀಲಗಳ ಮೇಲೆ ಮಲಗಿಸಿಕೊಂಡು ಬಸವಕಲ್ಯಾಣಕ್ಕೆ ಒಯ್ದರು. ಜೀವ ಉಳಿಯಿತು. ಬಲಗೈಯ ಅಂಗೈ ಸುಟ್ಟಿತ್ತು, ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಗಾಜಿನ ಎಳೆ ಜೋಡಿಸುವವನಿಗೆ ಆ ಬೆರಳುಗಳೇ ಅನ್ನ.

ಮರುದಿನ ನಾನು ಆಸ್ಪತ್ರೆಗೆ ಹೋದಾಗ ಅವರು ಮಾತಾಡುವಷ್ಟಾಗಿದ್ದರು. ಭಾವಮೈದುನ ಗೋಡೆ ಕಡೆ ಮುಖ ಮಾಡಿ ಕೂತಿದ್ದ. “ಇಂವಗ ಹೇಳ್ರಿ ಮೇಡಂ, ಊಟಾ ಬಿಟ್ಟು ಕುಂತಾನ. ಅರೇ, ನಾ ಸತ್ತಿದ್ರ ಊಟಾ ಮಾಡ್ತಿದ್ದಿಲ್ಲೇನು, ಬಿರಿಯಾನಿನೇ ತಿಂತಿದ್ದಿ.” ಅವನು ನಗಲಿಲ್ಲ. ಉಸ್ತಾದ್ ದನಿ ತಗ್ಗಿಸಿದರು. “ಕಂಪನಿಯವ್ರು ಕಾಗದದಾಗ ನನ್ನದೇ ಗಲತಿ ಅಂತ ಬರದಾರಂತ. ಖರೇ ಏನ್ರಿ?”

ನಿಜವಾಗಿತ್ತು. ಹುಮನಾಬಾದ ಕಚೇರಿಯಲ್ಲಿ ವರದಿ ತಯಾರಿತ್ತು: ಕೆಲಸಗಾರ ಅನುಮತಿಯಿಲ್ಲದೆ, ಅಜಾಗರೂಕತೆಯಿಂದ ಕಂಬ ಏರಿದ್ದಾನೆ. ಸಾಕ್ಷಿಯಾಗಿ ಸಹಿ ಹಾಕಬೇಕಾದವಳು ನಾನು. ಸ್ವಂತ ತಪ್ಪು ಎಂದಾದರೆ ಚಿಕಿತ್ಸೆಯ ಹೊಣೆ ಕಂಪನಿಗಿಲ್ಲ. ಆ ಹೆಸರು ಅಂಟಿದ ಮೇಲೆ ಬೇರೆ ಯಾವ ಗುತ್ತಿಗೆದಾರನೂ ಉಸ್ತಾದ್ ಅವರನ್ನು ನೆಲದ ಕೆಲಸಕ್ಕೂ ಕರೆಯುವುದಿಲ್ಲ.

ನಾನು ಮಾಡಿದ್ದು ಇದು. ಲೈನ್‌ಮ್ಯಾನ್‌ರನ್ನೂ ಭಾವಮೈದುನನನ್ನೂ ಕರೆದುಕೊಂಡು ಹುಮನಾಬಾದಕ್ಕೆ ಹೋದೆ. ಯಾರೂ ಅಜಾಗರೂಕರಾಗಿರಲಿಲ್ಲ, ಕೇಳಿಯೇ ಹತ್ತಿದ್ದಾರೆ, ಕೇಳಿದ್ದಕ್ಕೆ ನಿಜವಾದ ಉತ್ತರವೇ ಬಂದಿದೆ ಎಂದು ತೋರಿಸಿದರೆ ಸಾಕು ಅಂದುಕೊಂಡಿದ್ದೆ. ಮ್ಯಾನೇಜರ್ ಎದುರು ಇಬ್ಬರನ್ನೂ ನಿಲ್ಲಿಸಿದೆ. ಅವರು ಆ ಸಂಭಾಷಣೆಯನ್ನು ಮತ್ತೆ ಆಡಿದರು.

“ಇನ್ನೊಂದ್ಸಲ ಹೇಳಿ,” ಎಂದರು ಮ್ಯಾನೇಜರ್.

“ಲೈನ್ ಬಂದ್ ಅದ.”

“ಲೈನ್ ಬಂದದ.”

“ಎರಡೂ ಒಂದೇ ಅಲ್ವೇನ್ರೀ!” ಎಂದು ಅವರು ನಕ್ಕರು. ಮನಸಾರೆ ನಕ್ಕರು. ಪಕ್ಕದ ಕೋಣೆಯವರನ್ನು ಕರೆದು ಇನ್ನೊಮ್ಮೆ ಹೇಳಿಸಿದರು. “ಏನ್ ಭಾಷೆ ರೀ ನಿಮ್ದು. ‘ಬಂದಿದೆ’ ಅಂತ ನೆಟ್ಟಗೆ ಅಂದಿದ್ರೆ ಮುಗೀತಿತ್ತಲ್ಲ?”

ಲೈನ್‌ಮ್ಯಾನ್ ತಲೆ ತಗ್ಗಿಸಿದರು. ಭಾವಮೈದುನ ಮಾತ್ರ ಅವರನ್ನು ನೆಟ್ಟಗೆ ನೋಡಿ ಹೇಳಿದ: “ಸಾಹೇಬ್ರ, ನಮ್ಮವ್ವ ಕಲಿಸಿದ ಮಾತು ಇದು. ಕಂಬ ಹತ್ತೂ ಸಲುವಾಗಿ ಕಲಿಸಿದ್ದಿಲ್ಲ.”

ಮ್ಯಾನೇಜರ್ ಅಷ್ಟರಲ್ಲಿ ಟೈಪು ಮಾಡತೊಡಗಿದ್ದರು. ಅವರ ಮುಖದಲ್ಲಿ ನಿರಾಳ ಕಂಡಿತು. ‘ಅಜಾಗರೂಕತೆ’ ಅಳಿಸಿ ಅಲ್ಲಿ ಹೊಸ ಮಾತು ಬರೆದರು: ಸ್ಥಳೀಯ ಆಡುಭಾಷೆಯಿಂದ ಉಂಟಾದ ಸಂವಹನ ದೋಷ. ಪರದೆಯನ್ನು ನನ್ನ ಕಡೆ ತಿರುಗಿಸಿ, “ಈಗ ಯಾರ ತಪ್ಪೂ ಅಲ್ಲ. ಖುಷಿನಾ?” ಎಂದರು. ಸ್ಪಷ್ಟವಾಗಿ ಮಾತಾಡಿ ಜೀವ ಉಳಿಸಿ ಎಂದು ಒಂದು ಪೋಸ್ಟರ್ ಮಾಡಿಸೋಣ, ನೀವೇ ಬರೆದುಕೊಡಿ ಎಂದೂ ಹೇಳಿದರು.

ಯಾರ ತಪ್ಪೂ ಅಲ್ಲ ಎಂದರೆ ಹೊಣೆಯೂ ಯಾರದ್ದೂ ಅಲ್ಲ. ಇಬ್ಬರನ್ನು ಕಾಪಾಡಲು ನಾನು ಒಯ್ದಿದ್ದ ಮಾತನ್ನು ಅವರು ಕಂಪನಿಗೆ ಕೊಡೆಯಾಗಿ ಹಿಡಿದುಬಿಟ್ಟಿದ್ದರು. ಆ ಕೋಣೆಯಲ್ಲಿ ನಿಂತಾಗ ನನಗೆ ಬಂದಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ನಮ್ಮ ಹಿರಿಯರು ಈ ಭಾಷೆಯಲ್ಲಿ ಬೀಜ ಬಿತ್ತಿದ್ದಾರೆ, ವ್ಯಾಪಾರ ಮಾಡಿದ್ದಾರೆ, ದೇವರನ್ನು ಕರೆದಿದ್ದಾರೆ, ನ್ಯಾಯ ಹೇಳಿದ್ದಾರೆ. ಯಾರೂ ಇದರಿಂದ ಸುಟ್ಟುಕೊಂಡಿರಲಿಲ್ಲ. ಫ್ಯೂಜು ಕಿತ್ತಿದ್ದರೆ ಲೈನ್‌ಮ್ಯಾನ್ ಯಾವ ಭಾಷೆಯಲ್ಲಿ ಏನು ಹೇಳಿದರೂ ಉಸ್ತಾದ್‌ಗೆ ಏನೂ ಆಗುತ್ತಿರಲಿಲ್ಲ. ಕೇಬಲ್‌ನಲ್ಲಿ ಉಕ್ಕು ಇರದಿದ್ದರೆ, ಕೈಗೆ ಗ್ಲೌಸ್ ಇದ್ದಿದ್ದರೆ ಕೂಡ ಅಷ್ಟೇ. ಇದ್ಯಾವುದನ್ನೂ ಮಾಡದೆ, ಒಬ್ಬ ಮನುಷ್ಯನ ಜೀವವನ್ನು ಕಡಿದು ಬರುವ ಫೋನಿನ ಒಂದು ಶಬ್ದಕ್ಕೆ ನೇತುಹಾಕಿದವರು ಈಗ ಶಬ್ದದ ಉಚ್ಚಾರ ತಿದ್ದಲು ಹೊರಟಿದ್ದರು. ಅದೂ ಇಂಟರ್ನೆಟ್ ತರಲು ಬಂದವರು!

“ನಾನು ಸಹಿ ಹಾಕುವುದಿಲ್ಲ,” ಎಂದೆ.

“ನೀವು ಸರ್ವೇಗೆ ಬಂದವರು ಮೇಡಂ. ಕಂಬದ ವಿಷಯ ನಿಮಗ್ಯಾಕೆ?”

“ಸಾಕ್ಷಿ ಅಂತ ನನ್ನ ಹೆಸರು ಬರೆದವರು ನೀವೇ.”

ಹೊರಗೆ ಬಂದೆವು. ಬಸ್ ನಿಲ್ದಾಣಕ್ಕೆ ನಡೆಯುತ್ತ, ಇದನ್ನು ಮೇಲಿನವರಿಗೆ ಬರೆಯುತ್ತೇನೆ ಎಂದೆ. ಲೈನ್‌ಮ್ಯಾನ್ ಅಲ್ಲಿ ನಿಂತು ಕೇಳಿದರು: “ಬಾಯಿ, ನೀವು ಮ್ಯಾಲಿನವ್ರಿಗಿ ಬರದ್ರ ನನ್ನ ನೌಕರಿಗಿ ಕಲ್ಲು ಬೀಳ್ತದೇನು?” ಬೀಳಬಹುದಿತ್ತು. ನಾನು ಸುಳ್ಳು ಹೇಳಲಿಲ್ಲ. ಅವರು ಬಸ್ಸಿನ ಬೋರ್ಡು ನೋಡುತ್ತ, “ಬರೀರಿ,” ಎಂದರು. “ಆ ಮಾತು ನನ್ನ ಬಾಯಿಂದಾನೇ ಹೋಗ್ಯದ. ನಿದ್ದಿ ಹತ್ತವಲ್ದು.”

ಅಂದೇ ಅಪಘಾತವಾದ ಊರಿಗೆ ಹೋದೆ. ಆ ಕೇಬಲ್ಲಿನ ಸುಟ್ಟ ತುದಿಯನ್ನು ಕಾಕಾ ಗಿರಣಿಯ ಮೂಲೆಯಲ್ಲಿ ಸುತ್ತಿಟ್ಟಿದ್ದರು. ಅದರ ಒಂದು ತುಂಡು, ಗುತ್ತಿಗೆ ಕಾಗದದ ಪ್ರತಿ, ಮತ್ತು ಕಂಡದ್ದನ್ನು ಕಂಡಂತೆ ಬರೆದ ನನ್ನ ಹೇಳಿಕೆ, ಇಷ್ಟನ್ನು ವಿದ್ಯುತ್ ಅಪಘಾತಗಳ ತಪಾಸಣೆ ಮಾಡುವ ಜಿಲ್ಲಾ ಕಚೇರಿಗೆ ಒಯ್ದು ಕೊಟ್ಟೆ. ಹೇಳಿಕೆಯಲ್ಲಿ ಆ ಫೋನಿನ ಮಾತನ್ನೂ ಬರೆದೆ, ಮುಚ್ಚಿಡಲಿಲ್ಲ. ಆದರೆ ಕೊನೆಯಲ್ಲಿ ಬರೆದೆ, ಮೊದಲಲ್ಲಿ ಅಲ್ಲ. ಮೊದಲು ಕೇಬಲ್, ಆಮೇಲೆ ಶಟ್‌ಡೌನ್, ಆಮೇಲೆ ಗ್ಲೌಸ್, ಆಮೇಲೆ ಪ್ರತಿ ಮುಂಜಾನೆಯ ಆ ಆದೇಶ. ಒಂದು ಮಾತಿನ ಜಾಗ ಎಲ್ಲಿ ಎಂಬುದರ ಮೇಲೆ ಒಬ್ಬನ ಬದುಕು ನಿಂತಿದೆ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ನನ್ನನ್ನು ಕೆಲಸದಿಂದ ತೆಗೆದರು. ಅದು ನಿರೀಕ್ಷಿಸಿದ್ದೇ. ತಪಾಸಣೆಯ ಅಧಿಕಾರಿ ಬರಲು ತಡವಾಯಿತು, ಎರಡು ಸಲ ಬರುತ್ತೇನೆಂದು ಬರಲಿಲ್ಲ. ಬಂದ ದಿನ ಹೆಚ್ಚು ಮಾತಾಡಲಿಲ್ಲ. ಹುಮನಾಬಾದ ಗೋದಾಮಿನಲ್ಲಿ ಚೀಲದಿಂದ ಒಂದು ಆಯಸ್ಕಾಂತ ತೆಗೆದು ಡ್ರಮ್ಮಿಗೆ ಸುತ್ತಿದ ಕೇಬಲ್ಲಿಗೆ ಹಿಡಿದರು. ಅಂಟಿತು. ಮುಂದಿನ ಡ್ರಮ್ಮಿನದಕ್ಕೆ ಹಿಡಿದರು. ಅಂಟಿತು. ಮ್ಯಾನೇಜರ್ ಭಾಷೆಯ ವಿಷಯ ತೆಗೆದಾಗ ಅವರು ಆಯಸ್ಕಾಂತವನ್ನು ಹಾಗೇ ಕೇಬಲ್ಲಿನ ಮೇಲೆ ಬಿಟ್ಟು, “ಇದಕ್ಕ ಯಾವ ಭಾಷಾ ತಿಳಿತದ ನೋಡ್ರಿ,” ಎಂದಷ್ಟೇ ಹೇಳಿದರು ಎಂದು ಅಲ್ಲಿದ್ದ ಕೆಲಸಗಾರರು ನನಗೆ ಹೇಳಿದರು.

ಡ್ರಮ್ಮುಗಳಿಗೆ ಮುದ್ರೆ ಬಿತ್ತು. ವರದಿಯಲ್ಲಿ ಹೊಣೆ ಕಂಪನಿಯದೆಂದು ಬಂತು, ಉಸ್ತಾದ್ ಹೆಸರಿನ ಮುಂದಿನ ಕಳಂಕ ಹೋಯಿತು, ಚಿಕಿತ್ಸೆಯನ್ನು ಕಂಪನಿಯೇ ಮಾಡಿಸಬೇಕಾಯಿತು. ಲೈನ್‌ಮ್ಯಾನ್ ಕೆಲಸದಲ್ಲಿದ್ದಾರೆ. ಬೆರಳುಗಳು ಮಾತ್ರ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಉಸ್ತಾದ್ ಈಗ ಬಸವಕಲ್ಯಾಣದಲ್ಲಿ ಮೊಬೈಲ್ ಅಂಗಡಿಯೊಂದರ ಕೌಂಟರಿನಲ್ಲಿ ಕೂರುತ್ತಾರೆ. ಚಿಲ್ಲರೆಯನ್ನು ಎಡಗೈಯಿಂದ ಕೊಡುತ್ತಾರೆ, ಗಿರಾಕಿಗಳಿಗೆ ತಪ್ಪಾಗಿ ಕಂಡೀತೆಂದು ಪ್ರತಿ ಸಲವೂ “ಮಾಫ್ ಮಾಡ್ರಿ” ಎನ್ನುತ್ತಾರೆ. ಅವರು ಯಾಕೆ ಕ್ಷಮೆ ಕೇಳಬೇಕು? ಕೇಳಬೇಕಾದವರು ಒಬ್ಬರೂ ಆ ಅಂಗಡಿಗೆ ಬಂದಿಲ್ಲ.

ಮೊನ್ನೆ ಆ ಊರಿಗೆ ಹೋಗಿದ್ದೆ. ಲೋಹವಿಲ್ಲದ ಕೇಬಲ್ ಬಂದಿತ್ತು, ಬೇರೆ ಗುತ್ತಿಗೆದಾರರ ತಂಡ ತಿರುವಿನ ಕಂಬದಲ್ಲಿ ಕೆಲಸ ಮಾಡುತ್ತಿತ್ತು. ಮೇಲೆ ಇದ್ದವನು ಭಾವಮೈದುನ, ಕೈಗೆ ಗ್ಲೌಸ್, ಸೊಂಟಕ್ಕೆ ಬೆಲ್ಟು. ಕೆಳಗೆ ತಂಡದ ಮೇಲ್ವಿಚಾರಕ ಗಡಿಯಾರ ನೋಡಿಕೊಳ್ಳುತ್ತ ಗೊಣಗುತ್ತಿದ್ದ. ಅನುಮತಿಯ ಕಾಗದ ಇದ್ದರೂ ಈ ಊರಿನವರು ಫ್ಯೂಜು ಕಿತ್ತು ಕೈಯಲ್ಲಿ ತೋರಿಸುವತನಕ ಏಣಿ ಹಾಕಗೊಡುವುದಿಲ್ಲವಂತೆ, ಕಿತ್ತದ್ದನ್ನು ತಾವೇ ಇಟ್ಟುಕೊಳ್ಳುತ್ತಾರಂತೆ. ಅವನ ದಿನದ ವರದಿಯಲ್ಲಿ ವಿಳಂಬದ ಕಾರಣ ‘ಸ್ಥಳೀಯರ ಅಡ್ಡಿ’ ಎಂದು ಹೋಗುತ್ತಿದೆ. ನಾಳೆ ಯಾರೋ ಅದನ್ನೂ ಸೇರಿಸಿ, ಹಳ್ಳಿಗಳಲ್ಲಿ ಇಂಟರ್ನೆಟ್ ಯಾಕೆ ಹಬ್ಬುತ್ತಿಲ್ಲ ಎಂದು ಬಣ್ಣದ ವೃತ್ತ ಬರೆಯುತ್ತಾರೆ.

ಹೊಲಿಗೆಯ ಅಕ್ಕ ಅಂಗಡಿಯಲ್ಲಿ ಮಶೀನ್ ಮುಂದೆ ಕೂತಿದ್ದಳು. ಫ್ಯೂಜುಗಳು ಅವಳ ಮಡಿಲಲ್ಲಿದ್ದವು. ಗಿರಣಿ ಕಾಕಾ ಬಾಗಿಲಲ್ಲಿ ನಿಂತು, ಗೋಧಿ ತಂದವರು ಕಾಯುತ್ತಿದ್ದಾರೆ, ಕೆಲಸ ಮುಗಿದಂತೆ ಕಾಣುತ್ತದೆ, ಕೊಡು ಎಂದು ಬೇಡುತ್ತಿದ್ದರು. ಮೇಲ್ವಿಚಾರಕ ಫೋನ್ ಮಾಡಿ ಮುಗಿಯಿತೆಂದ. ಅವಳು ಫೋನನ್ನು ಕೆಳಗಿಟ್ಟಳು, ಮಡಿಲನ್ನು ಮುಟ್ಟಲಿಲ್ಲ.

“ಹತ್ತಿದಾಂವ ಇಳದು ಬಂದು ತಾನೇ ಕೇಳ್ಬೇಕು ಕಾಕಾ. ಬ್ಯಾರೆವ್ರ ಬಾಯಿಗಿ ಕೊಡಂಗಿಲ್ಲ.”

ಸ್ವಲ್ಪ ಹೊತ್ತಿಗೆ ಭಾವಮೈದುನ ಬಂದ. ಗ್ಲೌಸ್ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ಬರಿಗೈ ಚಾಚಿದ.

“ಅಕ್ಕಾ, ನನ್ನ ಜೀವ ಕೊಡ್ರಿ. ಮನಿಗಿ ಹೋಗ್ತೀನಿ.”

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಫ್ಯೂಜುಗಳನ್ನು ಒಂದೊಂದಾಗಿ ಎತ್ತಿ ಅವನ ಕೈಗಿಟ್ಟಳು.